ತಮ್ಮನಿಗಾಗಿ ಎಎ ಮೀಟಿಂಗು ಹುಡುಕಿದ ಅಕ್ಕನ ರಿವ್ಯೂ

ಕುಡಿತ ಬಿಡಬೇಕು ಅಂತ ತಮ್ಮನೇ ಬಾಯಿಬಿಟ್ಟು ಹೇಳಿದ ಮೇಲೆ ಮೀಟಿಂಗು ಹುಡುಕುವ ಕೆಲಸ ನಾನು ವಹಿಸಿಕೊಂಡೆ. ಹಾಗಾಗಿ ಇದು ಕುಡಿಯುವವರ ಮಾತಲ್ಲ, ಮನೆಯವರ ಮಾತು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಕುಡಿತ ಬಿಟ್ಟವರೂ ಬಿಡಬೇಕು ಅನ್ನುವವರೂ ಸೇರಿ ಒಬ್ಬರಿಗೊಬ್ಬರು ನೆರವಾಗುವ ಕೂಟ. ಅದರ ಬಗ್ಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮೀಟಿಂಗು ಚಿನ್ನ. ಮೀಟಿಂಗಿನ ಪಟ್ಟಿಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ.

ಗುಂಪು ನಡೆಸುವವರು ಸಂಬಳದವರಲ್ಲ, ಕುಡಿತ ಬಿಟ್ಟ ಸದಸ್ಯರೇ. ಜಾಗ ಸಾಮಾನ್ಯವಾಗಿ ಬೇರೆಯವರದ್ದು. ಅದು ಕೈತಪ್ಪಿದರೆ ಗುಂಪು ಬೇರೆ ಕಡೆ ಹೋಗುತ್ತದೆ, ಹಳೆಯ ವಿಳಾಸ ಇಂಟರ್ನೆಟ್ಟಿನಲ್ಲಿ ಹಾಗೇ ಉಳಿಯುತ್ತದೆ. ಒಂದು ಪಟ್ಟಿ ನಂಬಿಕೊಂಡು ನಾವು ಹೋದಾಗ ಬಾಗಿಲಿಗೆ ಬೀಗ. ಗಟ್ಟಿ ಮನಸ್ಸು ಮಾಡಿ ಹೊರಟವನಿಗೆ ವಾಪಸ್ ಹೋಗಲು ಆ ಬೀಗದಷ್ಟು ಒಳ್ಳೆಯ ಕಾರಣ ಬೇರೆ ಬೇಕಿಲ್ಲ. ಪಟ್ಟಿ ಹಾಕುವವರು ಇದನ್ನು ದಯವಿಟ್ಟು ಯೋಚಿಸಬೇಕು.

ಎಎಯದೇ ಮೀಟಿಂಗ್ ಗೈಡ್ ಅನ್ನುವ ಉಚಿತ ಆಪ್ ಇದೆ. ದಿನ, ಸಮಯ, ಎಷ್ಟು ದೂರ, ಎಲ್ಲ ತೋರಿಸುತ್ತದೆ. ಆದರೆ ಅದು ತೋರಿಸುವುದು ಸ್ಥಳೀಯ ಎಎ ಕಚೇರಿಗಳು ಕಳಿಸಿದ ಮಾಹಿತಿಯನ್ನು. ಅವರು ಕಳಿಸದ್ದು ಅಲ್ಲಿರುವುದಿಲ್ಲ. ಆಪ್ ನೋಡಿ, ಆಮೇಲೆ ಸ್ಥಳೀಯ ಹೆಲ್ಪ್‌ಲೈನಿಗೆ ಒಂದು ಕರೆ ಮಾಡಿಯೇ ಹೊರಡಿ.

ಆ ಕರೆಯೇ ನನಗೆ ಇಡೀ ಅನುಭವದ ದೊಡ್ಡ ಪಾಲು. ಫೋನು ಎತ್ತಿದವರೂ ಒಂದು ಕಾಲದಲ್ಲಿ ಕುಡಿಯುತ್ತಿದ್ದವರೇ. ವಿಳಾಸ ಕೊಡುವುದಕ್ಕೂ ಮುಂಚೆ ಕೇಳಿದ್ದು, "ಕೊನೆಯ ಸಲ ಯಾವಾಗ ಕುಡಿದರು? ಕೈ ನಡುಗುತ್ತಿದೆಯಾ?" ನಡುಗುತ್ತಿತ್ತು. "ನಾವು ಡಾಕ್ಟರಲ್ಲ, ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮೀಟಿಂಗು ಎಲ್ಲಿಗೂ ಓಡಿಹೋಗಲ್ಲ" ಅಂದರು. ಇದನ್ನು ಎಲ್ಲರೂ ತಿಳಿದಿರಬೇಕು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ, ಮದ್ಯ ಇಷ್ಟು ದಿನ ಅದುಮಿಟ್ಟಿದ್ದ ನರಗಳು ಕೆರಳುತ್ತವೆ. ಮೊದಲ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುವ, ಭ್ರಮೆ ಗೊಂದಲ ಹಿಡಿಯುವ ಸ್ಥಿತಿಗೆ ಹೋಗಿ ಜೀವಕ್ಕೇ ಅಪಾಯ ಆಗಬಹುದು. ಔಷಧಿ ಕೊಟ್ಟು ಇದನ್ನು ತಡೆಯಲು ಸಾಧ್ಯ. ಗುಂಪು ಡಾಕ್ಟರ ಬದಲಿಗಲ್ಲ, ಡಾಕ್ಟರ ಜೊತೆಗೆ.

ಕರೆಯಲ್ಲಿ ನೀವೇ ಕೇಳಬೇಕಾದ್ದು: ಓಪನ್ ಮೀಟಿಂಗೋ, ಕ್ಲೋಸ್ಡ್ ಮೀಟಿಂಗೋ? ಓಪನ್‌ಗೆ ಮನೆಯವರೂ ಕೂರಬಹುದು. ಕ್ಲೋಸ್ಡ್ ಇರುವುದು ಕುಡಿತದ ಸಮಸ್ಯೆ ಇದ್ದು ಬಿಡಬೇಕು ಅನ್ನುವವರಿಗೆ ಮಾತ್ರ. ನಾನು ತಮ್ಮನ ಜೊತೆ ಒಂದು ಓಪನ್ ಮೀಟಿಂಗಿನಲ್ಲಿ ಕೂತೆ. ಯಾರೂ ಪೂರ್ತಿ ಹೆಸರು ಕೇಳಲಿಲ್ಲ, ಫಾರಂ ತುಂಬಿಸಲಿಲ್ಲ. ಒಬ್ಬರು ಶೇರ್ ಮಾಡುವಾಗ, ಅಂದರೆ ತಮ್ಮ ಅನುಭವ ಹೇಳಿಕೊಳ್ಳುವಾಗ, ಇನ್ನೊಬ್ಬರು ನಡುವೆ ಬಾಯಿ ಹಾಕಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮನೆಯಲ್ಲಿ ನಾವೆಲ್ಲ ಇಷ್ಟು ವರ್ಷ ಮಾಡಿದ್ದು ಬರೀ ಉಪದೇಶ. ಅಲ್ಲಿ ಅವನು ತಲೆ ಎತ್ತಿ ಕೇಳುತ್ತಿದ್ದ. ಫೀಸೂ ಇಲ್ಲ. ಕೊನೆಗೆ ಕಾಣಿಕೆ ಸಂಗ್ರಹಿಸಿದರು, ಹೊಸಬರು ಹಾಕಬೇಕಿಲ್ಲ ಅಂದರು. ಹೊರಗಿನವರ ದೇಣಿಗೆ ಎಎ ತೆಗೆದುಕೊಳ್ಳುವುದಿಲ್ಲ. ಸದಸ್ಯರ ಹಣದಿಂದಲೇ ನಡೆಯಬೇಕು ಅನ್ನುವುದು ಅವರ ಗುಂಪುಗಳು ಪಾಲಿಸುವ ಸಂಪ್ರದಾಯಗಳಲ್ಲಿ ಏಳನೆಯದು.

ಎಎ ಶುರುವಾದದ್ದೇ ಇಬ್ಬರು ಕುಡುಕರ ಭೇಟಿಯಿಂದ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್ ಅನ್ನುವ ಷೇರು ವ್ಯವಹಾರದವರು ಬಾಬ್ ಸ್ಮಿತ್ ಅನ್ನುವ ಸರ್ಜನ್‌ರನ್ನು ಭೇಟಿಯಾದರು. ಇಬ್ಬರೂ ಕುಡಿತಕ್ಕೆ ಸಿಕ್ಕವರು. ಒಬ್ಬ ಕುಡುಕನ ಮಾತು ಇನ್ನೊಬ್ಬ ಕುಡುಕನಿಗೆ ನಾಟುತ್ತದೆ ಅನ್ನುವುದೇ ಬಂಡವಾಳ. ಇದರಿಂದ ಉಪಯೋಗ ಇದೆಯಾ ಅಂತ ಕೇಳುವವರಿಗೆ: 27 ಅಧ್ಯಯನ, 10,565 ಜನರ ಮಾಹಿತಿಯನ್ನು ಒಟ್ಟುಮಾಡಿದ, ಕೋಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಮರ್ಶೆ 2020ರಲ್ಲಿ ಬಂದಿದೆ. ಎಎಗೆ ವ್ಯವಸ್ಥಿತವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಪೂರ್ತಿ ಕುಡಿಯದೆ ಉಳಿದವರು, ಬೇರೆ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಅನ್ನುವುದು ಅದರ ಸಾರ.

ಮೊದಲ ಗುಂಪು ಹಿಡಿಸದಿದ್ದರೆ ಎಎಯನ್ನೇ ಬಿಡಬೇಡಿ, ಗುಂಪು ಬದಲಾಯಿಸಿ. ನಮಗೆ ತೀರಾ ಹತ್ತಿರದ ಗುಂಪಿನಲ್ಲಿ ಹಳಬರೇ ಮಾತಾಡಿ ಮುಗಿಸುತ್ತಿದ್ದರು, ಹೊಸಬರ ಕಡೆ ಯಾರೂ ತಿರುಗುತ್ತಿರಲಿಲ್ಲ. ಸ್ವಲ್ಪ ದೂರದ ಇನ್ನೊಂದರಲ್ಲಿ ಮೀಟಿಂಗು ಮುಗಿದ ಮೇಲೆ ಒಬ್ಬರು ತಮ್ಮ ನಂಬರ್ ಬರೆದುಕೊಟ್ಟು, "ಕುಡಿದ ಮೇಲೆ ಅಲ್ಲ, ಕುಡಿಯಬೇಕು ಅನ್ನಿಸಿದಾಗ ಮಾಡು" ಅಂದರು. ಅವರೇ ಈಗ ಅವನ ಸ್ಪಾನ್ಸರ್, ಅಂದರೆ ಕೈಹಿಡಿದು ನಡೆಸುವ ಹಳೆಯ ಸದಸ್ಯ. ಹೆಂಗಸರಿಗೆ ಕೆಲವು ಕಡೆ ಪ್ರತ್ಯೇಕ ಮೀಟಿಂಗುಗಳಿವೆ, ಆನ್‌ಲೈನ್ ಮೀಟಿಂಗುಗಳೂ ಇವೆ.

ಕುಡಿತ ಬಿಡಲು ಎಎ ಹಾಕಿಕೊಟ್ಟ ದಾರಿಯಾದ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ. 'ನಾವು ಅರ್ಥಮಾಡಿಕೊಂಡಂತೆ' ಅಂತ ಸೇರಿಸಿದ್ದರೂ ತಮ್ಮನಿಗೆ ಇದು ಇನ್ನೂ ಇರಿಸುಮುರಿಸು. ಹಾಗನ್ನಿಸುವವರಿಗೆ ಸ್ಮಾರ್ಟ್ ರಿಕವರಿ ಅನ್ನುವ ಗುಂಪುಗಳಿವೆ. ಅಲ್ಲಿ ಮೆಟ್ಟಿಲುಗಳಿಲ್ಲ, ಯೋಚನೆ ಮತ್ತು ನಡವಳಿಕೆ ಬದಲಿಸುವ ಅಭ್ಯಾಸಗಳಿವೆ. ಮನೆಯವರಿಗೆ ಆಲ್-ಅನಾನ್ ಬೇರೆಯೇ ಇದೆ. ಕುಡಿಯುವವರು ಎಎಗೆ ಹೋಗಲು ಒಪ್ಪದಿದ್ದರೂ ನೀವು ಅಲ್ಲಿಗೆ ಹೋಗಬಹುದು. ನಾನು ಈಗ ಹೋಗುತ್ತಿದ್ದೇನೆ, ಅದರ ರಿವ್ಯೂ ಬೇರೆಯಾಗಿ ಬರೆಯುತ್ತೇನೆ.