ಇನ್‌ಕ್ರಿಮೆಂಟ್ ಬೋರರ್: ಬರಕ್ಕೆ ಸೈ, ಬೆಂಕಿಗೆ ಅರೆಬರೆ

ಪೈನ್, ಸ್ಪ್ರೂಸ್, ಫರ್‌ನಂಥ ಸೂಚಿಪರ್ಣಿ ಮರ ಯಾವ ಬರಗಾಲದಲ್ಲಿ ಸೊರಗಿತು, ಚೇತರಿಸಿಕೊಳ್ಳಲು ಎಷ್ಟು ವರ್ಷ ಹಿಡಿಯಿತು ಎಂಬುದನ್ನು ಮರ ಕಡಿಯದೆ ತಿಳಿಯಬೇಕಾದರೆ ಇನ್‌ಕ್ರಿಮೆಂಟ್ ಬೋರರ್ ಎಂಬ ಈ ಬೈರಿಗೆಯೇ ಬೇಕು. ಬಡಗಿಯ ಬೈರಿಗೆಯಂತೆ ಇದು ಮರವನ್ನು ಪುಡಿ ಮಾಡುವುದಿಲ್ಲ, ಮರದ ವಾರ್ಷಿಕ ಉಂಗುರಗಳು ಕಾಣುವ, ಸಾಮಾನ್ಯವಾಗಿ ಪೆನ್ಸಿಲ್‌ಗಿಂತ ತೆಳ್ಳಗಿನ ಕಡ್ಡಿಯೊಂದನ್ನು ಇಡಿಯಾಗಿ ಹೊರತರುತ್ತದೆ. ಜರ್ಮನಿಯ ಅರಣ್ಯವಿಜ್ಞಾನಿ ಪ್ರೆಸ್ಲರ್ 19ನೇ ಶತಮಾನದಲ್ಲಿ ರೂಪಿಸಿದ ವಿನ್ಯಾಸ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಭಾಗಗಳು ಮೂರೇ: ಮೊನೆಯಲ್ಲಿ ತಿರುಪು ಇರುವ ಟೊಳ್ಳು ಉಕ್ಕಿನ ಕೊಳವೆ, ಅಡ್ಡಹಿಡಿ, ಕಡ್ಡಿಯನ್ನು ಎಳೆದು ತೆಗೆಯುವ ಉದ್ದನೆಯ ತಗಡಿನ ದೋಣಿ.

ಕೊಳ್ಳುವಾಗ ಅಗಲ, ಉದ್ದ, ತಿರುಪು ಮೂರನ್ನೂ ನೋಡಬೇಕು. ಉಂಗುರ ಎಣಿಸಿ ಅಳೆಯುವುದಕ್ಕೆ 5.15 ಮಿ.ಮೀ. ಕಡ್ಡಿ ಕೊಡುವುದೇ ಸರಿ. 4.3 ಮಿ.ಮೀ. ಕಡ್ಡಿ ಬೇಗ ಮುರಿಯುತ್ತದೆ. 12 ಮಿ.ಮೀ. ಬೇಕಾಗುವುದು ರಾಸಾಯನಿಕ ವಿಶ್ಲೇಷಣೆಗೆ, ಅದನ್ನು ತಿರುಗಿಸಲು ತೋಳಿನಲ್ಲಿ ಕಸುವೂ ಬೇಕು. ಉದ್ದವು ಕಾಂಡದ ಅಡ್ಡಳತೆಯ ಮುಕ್ಕಾಲು ಪಾಲಾದರೂ ಇರಲಿ, ಏಕೆಂದರೆ ಮರದ ತಿರುಳು ನಟ್ಟನಡುವೆಯೇ ಇರುತ್ತದೆಂಬ ಖಾತ್ರಿಯಿಲ್ಲ. ಮೂರು ತಿರುಪಿನ ಮೊನೆ ಮೆದು ಮರದಲ್ಲಿ ಸರಸರನೆ ಇಳಿಯುತ್ತದೆ. ಎರಡು ತಿರುಪಿನದು ನಿಧಾನ, ಆದರೆ ಗಟ್ಟಿ ಮರದಲ್ಲಿ ಕೈಗೆ ಹಗುರ. ಬರೀ ಪೈನ್ ಕಾಡಿನಲ್ಲಿ ಕೆಲಸವಾದರೆ ಮೂರು ತಿರುಪಿನದನ್ನೇ ಆರಿಸಿ.

ಕೊರೆಯುವ ಎತ್ತರ ಸಾಮಾನ್ಯವಾಗಿ ನೆಲದಿಂದ 1.3 ಮೀಟರ್. ಇಳಿಜಾರಿನಲ್ಲಿ ಮೇಲ್ಬದಿ, ಕೆಳಬದಿ ಎರಡನ್ನೂ ಬಿಟ್ಟು ಪಕ್ಕದಿಂದ ಕೊರೆಯಬೇಕು. ಓರೆಯಾಗಿ ಬೆಳೆದ ಸೂಚಿಪರ್ಣಿ ಕೆಳಬದಿಯಲ್ಲಿ ಒತ್ತುಮರ (ಕಾಂಡವನ್ನು ನೆಟ್ಟಗಾಗಿಸಲು ಅಗಲ ಉಂಗುರಗಳಲ್ಲಿ ಮೂಡುವ ಗಟ್ಟಿ ಮರ) ಬೆಳೆಸಿಕೊಂಡಿರುತ್ತದೆ, ಅಲ್ಲಿನ ಉಂಗುರದ ಅಗಲಕ್ಕೂ ಮಳೆಗೂ ಸಂಬಂಧವಿರುವುದಿಲ್ಲ. ತಿರುಪಿಗೆ ಜೇನುಮೇಣ ಸವರಿ, ತೊಗಟೆಯ ಬಿರುಕಿನಲ್ಲಿ ಮೊನೆಯಿಟ್ಟು, ತಿರುಪು ಕಚ್ಚುವವರೆಗೆ ಅಲುಗಾಡದಂತೆ ಒತ್ತಿ ತಿರುಗಿಸಿ. ಸಾಕಷ್ಟು ಆಳಕ್ಕೆ ಹೋದ ಮೇಲೆ ದೋಣಿಯನ್ನು ಬೋರಲಾಗಿ ಕೊನೆಯವರೆಗೂ ತೂರಿಸಿ, ಹಿಡಿಯನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರೆ ಕಡ್ಡಿ ಬುಡದಲ್ಲಿ ಮುರಿದು ದೋಣಿಯೊಳಗೆ ಕೂರುತ್ತದೆ. ಕಡ್ಡಿ ತೆಗೆದ ತಕ್ಷಣ ಕೊಳವೆಯನ್ನೂ ಹೊರತೆಗೆಯಿರಿ. ಮಾತಾಡುತ್ತಾ ಬಿಟ್ಟರೆ ಮರ ಬಿಗಿದು ಹಿಡಿಯುತ್ತದೆ.

ಈ ಉಪಕರಣದ ಜೀವ ಇರುವುದೇ ಮೊನೆಯಲ್ಲಿ. ಒಮ್ಮೆ ಕಲ್ಲಿನ ಮೇಲೆ ಬಿದ್ದರೆ ಅಂಚು ಹಾರಿಹೋಗುತ್ತದೆ. ಕಡ್ಡಿ ನುಣುಪಾಗಿ ಬರದೆ ತಿರುಚಿಕೊಂಡು, ತುಂಡುತುಂಡಾಗಿ ಬಂದರೆ ಮೊನೆ ಮೊಂಡಾಗಿದೆ ಎಂದೇ ಅರ್ಥ. ಹೊರ ಅಂಚಿಗೆ ಚಪ್ಪಟೆ ಸಾಣೆಕಲ್ಲು, ಒಳ ಅಂಚಿಗೆ ಶಂಕುವಿನಾಕಾರದ ಕಲ್ಲು ಬಳಸಿ. ಕಾಗದದ ಮೇಲಿಟ್ಟು ತಿರುಗಿಸಿದಾಗ ದುಂಡನೆಯ ಬಿಲ್ಲೆ ಶುಭ್ರವಾಗಿ ಕತ್ತರಿಸಿ ಬಂದರೆ ಹದವಾಗಿದೆ. ಕೊಳವೆಯೊಳಗೆ ಕಡ್ಡಿ ಸಿಕ್ಕಿಕೊಂಡಾಗ ಕಬ್ಬಿಣದ ಸಲಾಕೆ ಹಾಕಿ ಬಡಿಯಬೇಡಿ, ಮರದ ಗೂಟವನ್ನೇ ಬಳಸಿ. ಒಳಗೆ ಕೊಳೆತ ಮರ ಇನ್ನೂ ಅಪಾಯಕಾರಿ: ತಿರುಪಿಗೆ ಹಿಡಿತವೇ ಸಿಗದೆ ಕೊಳವೆ ಸುಮ್ಮನೆ ಸುತ್ತುತ್ತದೆ. ಆಗ ಹಿಡಿಗೆ ಹಗ್ಗ ಕಟ್ಟಿ, ಒಬ್ಬರು ಹಿಂದಕ್ಕೆ ಜಗ್ಗುತ್ತಿರುವಾಗ ಇನ್ನೊಬ್ಬರು ತಿರುಗಿಸಬೇಕು.

ಕಡ್ಡಿಯನ್ನು ಕಾಗದದ ಸ್ಟ್ರಾದಲ್ಲಿಡಿ, ಮುಚ್ಚಿದ ಪ್ಲಾಸ್ಟಿಕ್‌ನಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ. ಒಣಗಿದ ಮೇಲೆ ತೋಡು ಕೊರೆದ ಮರದ ಪಟ್ಟಿಗೆ, ನಾರು ನೆಟ್ಟಗೆ ನಿಲ್ಲುವಂತೆ ಅಂಟಿಸಿ. ಒರಟು ಉಪ್ಪುಕಾಗದದಿಂದ ಶುರುಮಾಡಿ 400, 600 ನಂಬರಿನ ನುಣುಪು ಕಾಗದದವರೆಗೆ ಉಜ್ಜಿದರೆ ಉಂಗುರಗಳು ತೆರೆದುಕೊಳ್ಳುತ್ತವೆ.

ಇಲ್ಲಿ ಬೋರರ್ ತನ್ನ ಬೆಲೆ ತೋರಿಸುತ್ತದೆ. ಬೆಳೆಯುವ ಕಾಲದ ಮೊದಲಲ್ಲಿ ಮೂಡುವ ತಿಳಿಬಣ್ಣದ ಮುಂಗಡ ಮರ, ಅದರ ಅಂಚಿಗೆ ಕೊನೆಯಲ್ಲಿ ಮೂಡುವ ಕಪ್ಪಗಿನ ಹಿಂಗಡ ಮರ, ಎರಡೂ ಸೇರಿ ಒಂದು ವರ್ಷ. ಬರದ ವರ್ಷದ ಉಂಗುರ ಕೂದಲೆಳೆಯಷ್ಟು ಕಿರಿದಾಗುತ್ತದೆ, ತೀವ್ರ ಬರದಲ್ಲಿ ಕೆಲವೆಡೆ ಉಂಗುರವೇ ಕಾಣೆಯಾಗುತ್ತದೆ. ನಡುವೆ ಒಣಗಿ ಮತ್ತೆ ಮಳೆಯಾದ ವರ್ಷದಲ್ಲಿ ಸುಳ್ಳು ಉಂಗುರವೂ ಮೂಡಬಹುದು. ಹಾಗಾಗಿ ಒಂದು ಕಡ್ಡಿಯನ್ನು ನಂಬಿ ವರ್ಷ ಹೇಳುವುದು ತಪ್ಪು. ಒಂದೇ ತಾಣದ 20 ಮರಗಳಿಂದಾದರೂ ಎರಡೆರಡು ಕಡ್ಡಿ ತೆಗೆದು, ಕಿರಿದು-ಅಗಲದ ಸಾಲನ್ನು ಒಂದಕ್ಕೊಂದು ಹೊಂದಿಸಬೇಕು. ಅಮೆರಿಕದ ಅರಿಜೋನಾದಲ್ಲಿ ಖಗೋಳವಿಜ್ಞಾನಿ ಎ. ಇ. ಡಗ್ಲಸ್ ಮರದ ಉಂಗುರಗಳಿಂದ ಕಾಲ ಹೇಳುವ ಇಡೀ ಶಾಸ್ತ್ರವನ್ನು ಕಟ್ಟಿದ್ದು ಈ ಹೊಂದಾಣಿಕೆಯ ಮೇಲೆಯೇ. ನೀರಿನ ಪಕ್ಕದ ಮರ ಬರವನ್ನು ಅಷ್ಟಾಗಿ ದಾಖಲಿಸುವುದಿಲ್ಲ, ಕಲ್ಲುಗುಡ್ಡದ ಮರಗಳನ್ನು ಹುಡುಕಿ. ಹೊರಮರದಲ್ಲಿ ನೀಲಿ ಛಾಯೆ ಕಂಡರೆ ತೊಗಟೆ ಕೊರೆಯುವ ಜೀರುಂಡೆ ಹೊತ್ತು ತಂದ ಶಿಲೀಂಧ್ರವಿರಬಹುದು. ನೀರಿಲ್ಲದೆ ರಾಳ ಸುರಿಸುವ ಶಕ್ತಿ ಕುಂದಿದ ಮರವನ್ನು ಜೀರುಂಡೆ ಸುಲಭವಾಗಿ ಗೆಲ್ಲುತ್ತದೆ. 2012ರಿಂದ 2016ರವರೆಗಿನ ಬರದ ಹೊಡೆತಕ್ಕೆ ಕ್ಯಾಲಿಫೋರ್ನಿಯಾದಲ್ಲಿ 10 ಕೋಟಿಗೂ ಹೆಚ್ಚು ಮರಗಳು ಸತ್ತದ್ದರಲ್ಲಿ ಇಂಥ ಜೀರುಂಡೆಗಳ ಪಾತ್ರ ದೊಡ್ಡದು.

ಬೆಂಕಿಯ ವಿಷಯದಲ್ಲಿ ಮಾತ್ರ ಅಂಕ ಕಡಿಮೆ. ಪಾಂಡೆರೋಸಾ ಪೈನ್‌ನ ದಪ್ಪ ತೊಗಟೆ ನೆಲಬೆಂಕಿಯನ್ನು ತಾಳಿಕೊಳ್ಳುತ್ತದೆ. ತೊಗಟೆಯಡಿಯ ಜೀವಪದರ ಸುಮಾರು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಕಡೆಯಷ್ಟೇ ಸತ್ತು ಗಾಯವಾಗುತ್ತದೆ. ಕಾಂಡದ ಒಂದು ಮೂಲೆಯಲ್ಲಿರುವ ಆ ಗಾಯಕ್ಕೆ ಬೋರರ್ ತಗಲುವುದು ಅದೃಷ್ಟದ ಮಾತು. ಅದಕ್ಕೆ ಗರಗಸದಿಂದ ಗಾಯದ ಬದಿಯ ಹೋಳನ್ನೇ ತೆಗೆಯಬೇಕು. ಲಾಡ್ಜ್‌ಪೋಲ್ ಪೈನ್ ಕಾಡಿನ ಲೆಕ್ಕವೇ ಬೇರೆ. ಅಲ್ಲಿ ಬೆಂಕಿ ಹಳೆಯ ಮರಗಳನ್ನು ಕೊಂದು, ರಾಳದಿಂದ ಬಿಗಿದ ಕಾಯಿಗಳನ್ನು ಬಿರಿಸುತ್ತದೆ, ಹೊಸ ಪೀಳಿಗೆ ಒಟ್ಟಿಗೆ ಏಳುತ್ತದೆ. ಕಾಂಡದ ಬುಡಕ್ಕೆ ಸಾಧ್ಯವಾದಷ್ಟು ಹತ್ತಿರ ಕೊರೆದು, ಸಸಿ ಆ ಎತ್ತರಕ್ಕೆ ಬರಲು ಬೇಕಾದ ವರ್ಷಗಳನ್ನು ಸೇರಿಸಿದರೆ ಬೆಂಕಿಯ ಕಾಲ ಹತ್ತಿರ ಹತ್ತಿರ ಸಿಗುತ್ತದೆ. ಎರಡು ಬೆಂಕಿಗಳ ನಡುವಿನ ಅಂತರ ಕಡಿಮೆಯಾದರೆ ಕಾಯಿ ಕಟ್ಟುವ ಮೊದಲೇ ಎಳೆ ಮರಗಳು ಸುಡುತ್ತವೆ. ಬೆಂಕಿಯ ನಂತರದ ಬಿಸಿ, ಒಣ ಬೇಸಿಗೆಗಳಲ್ಲಿ ಮೊಳಕೆಗಳೇ ಬದುಕುವುದಿಲ್ಲ. ಕಾಡು ಮರಳುತ್ತಿದೆಯೇ ಎಂದು ನೋಡಲು ಅಲ್ಲಿನ ತೆಳು ಸಸಿಗಳನ್ನು ಕೊರೆಯಬೇಡಿ. ಕಾಂಡದ ಸುತ್ತ ಕೊಂಬೆಗಳು ಸುತ್ತುಸುತ್ತಾಗಿ ಹೊರಟ ಗೆಣ್ಣುಗಳನ್ನು ಎಣಿಸಿ, ಎಳೆಯ ಲಾಡ್ಜ್‌ಪೋಲ್‌ನ ವಯಸ್ಸಿನ ಅಂದಾಜಿಗೆ ಅಷ್ಟು ಸಾಕು.