ಮಧ್ಯಾಹ್ನ ಎರಡೂವರೆಗೆ ಹೋಗಿ, ಬಿಳಿ ಕೋಟಿನ ಅಕ್ಕನನ್ನೇ ಕೇಳಿ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ಮೈಸೂರು ಕುವೆಂಪುನಗರದ ನಮ್ಮ ಮನೆಯಿಂದ ಪಂಚಮಂತ್ರ ರಸ್ತೆಗೆ ಹೋಗುವ ದಾರಿಯಲ್ಲೇ ಇದೆ ಈ ಮೆಡಿಕಲ್ಸ್. ಪಕ್ಕದಲ್ಲಿ ಹಾಲಿನ ಬೂತ್, ಎದುರಿಗೆ ಹೊಂಗೆ ಮರ. ಮಗನ ಜ್ವರದ ಸಿರಪ್ಪು, ಅತ್ತೆಯ ಬಿಪಿ ಮಾತ್ರೆ ಎಲ್ಲ ಇಲ್ಲೇ ತರುತ್ತೇವೆ. ಆದರೆ ನಾನು ಬರೆಯುತ್ತಿರುವುದು ಕಾಂಡೋಮ್ ಬಗ್ಗೆ. ಹೆಂಗಸರು ಇದನ್ನೆಲ್ಲ ಬರೆಯುತ್ತಾರಾ ಅಂದರೆ, ಬಸಿರಾಗುವುದು ಯಾರು ಸ್ವಾಮಿ?

ಮಗನಿಗೆ ಆಗ ಎಂಟು ತಿಂಗಳು. ಮಂಡ್ಯದಲ್ಲಿ ಅಮ್ಮನ ಮನೆಯಲ್ಲಿ ಬಾಣಂತನ ಮುಗಿಸಿ ಬಂದಿದ್ದೆ. ಮುಟ್ಟು ಮತ್ತೆ ಶುರುವಾಗಿ ಎರಡು ತಿಂಗಳಾಗಿತ್ತು. ಮೂರು ವರ್ಷ ಇನ್ನೊಂದು ಮಗು ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ಮಾತ್ರೆ ನುಂಗೋಕೆ ನನಗೆ ಇಷ್ಟವಿರಲಿಲ್ಲ. ಹಾಗಾಗಿ ಕಾಂಡೋಮ್. ತರುವ ಕೆಲಸ ನಮ್ಮ ಯಜಮಾನರದು. ಅವರು ಎಲ್ಲೋ ದೂರದ ಅಂಗಡಿಗೆ ಹೋಗಿ, ಜನ ಖಾಲಿಯಾಗುವ ತನಕ ಕಾದು, ಕದ್ದ ಮಾಲಿನ ಹಾಗೆ ತರುತ್ತಿದ್ದರು. ಅಂಗಡಿಯವನು ಪೇಪರ್ ಸುತ್ತಿ ಕಪ್ಪು ಕವರಿಗೆ ಹಾಕುವುದು, ಇವರು ಅದನ್ನು ಸ್ಕೂಟರ್ ಡಿಕ್ಕಿಗೆ ತುರುಕುವುದು. ಮನೆಯಲ್ಲಿಟ್ಟರೆ ಅತ್ತೆ ನೋಡುತ್ತಾರೆ ಅಂತ ಅದು ವಾರಗಟ್ಟಲೆ ಡಿಕ್ಕಿಯಲ್ಲೇ ಬಿಸಿಲು ಕಾಯುತ್ತಿತ್ತು. ಅದೂ ಏಪ್ರಿಲ್ ತಿಂಗಳು.

ಒಂದು ರಾತ್ರಿ ಹರಿದೇ ಹೋಯಿತು.

ಬೆಳಗ್ಗೆ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಾನೇ ಇಲ್ಲಿಗೆ ಬಂದೆ. ಕೌಂಟರಿನಲ್ಲಿ ಬಿಳಿ ಕೋಟಿನ ಅಕ್ಕ ಇದ್ದರು. ದನಿ ತಗ್ಗಿಸಿ ಹೇಳಿದೆ. ಅವರು ಹುಬ್ಬು ಕೂಡ ಏರಿಸಲಿಲ್ಲ. "ಎಷ್ಟು ಹೊತ್ತಾಯ್ತು?" ಅಂತ ಕೇಳಿ ಬಸಿರಾಗದ ಹಾಗೆ ತಡೆಯುವ ಒಂದೇ ಮಾತ್ರೆ ಕೊಟ್ಟರು. "72 ಗಂಟೆ ಒಳಗೆ ಅಂತಾರೆ. ಬೇಗ ತಗೊಂಡಷ್ಟೂ ಒಳ್ಳೇದು, ಈಗಲೇ ನುಂಗಿ. ಮಗೂಗೆ ಹಾಲು ಕೊಡಬಹುದು, ತೊಂದ್ರೆ ಇಲ್ಲ. ಮುಟ್ಟು ಒಂದು ವಾರ ಆಚೀಚೆ ಆಗಬಹುದು, ಅದಕ್ಕಿಂತ ತಡ ಆದ್ರೆ ಟೆಸ್ಟ್ ಮಾಡ್ಕೊಳ್ಳಿ" ಅಂದು ನೀರಿನ ಬಾಟಲಿಯನ್ನೂ ಮುಂದಿಟ್ಟರು.

ಒಂಬತ್ತು ದಿನ ತಡವಾಯಿತು. ಆ ಒಂಬತ್ತು ದಿನ ನಾನು ಯಾರ ಹತ್ತಿರವೂ ನೆಟ್ಟಗೆ ಮಾತಾಡಿಲ್ಲ. ಟೆಸ್ಟ್ ಮಾಡಿದರೆ ಒಂದೇ ಗೆರೆ. ಬಚ್ಚಲಲ್ಲೇ ಕೂತು ಅತ್ತುಬಿಟ್ಟೆ, ಖುಷಿಗೆ.

ಆಮೇಲೆ ಜಗಳ ಮಾಡುವ ಮೂಡಿನಲ್ಲೇ ಇಲ್ಲಿಗೆ ಬಂದೆ. "ಈ ಕಾಂಡೋಮ್‌ನೆಲ್ಲ ನಂಬಬಹುದಾ?" ಅಂದೆ. ಮಧ್ಯಾಹ್ನ ಎರಡೂವರೆ, ಅಂಗಡಿ ಖಾಲಿ. ಅಕ್ಕ ಹುಡುಗನನ್ನು ಟೀ ತರೋಕೆ ಕಳಿಸಿದರು. ಆಮೇಲೆ ನನ್ನನ್ನೇ ಕೇಳತೊಡಗಿದರು. ಎಲ್ಲಿಡ್ತೀರಿ? ಪ್ಯಾಕೆಟ್ ಹೇಗೆ ಹರೀತೀರಿ, ಹಲ್ಲಲ್ಲಾ? ಎಣ್ಣೆ ಏನಾದ್ರೂ ಹಚ್ತೀರಾ?

ಎಣ್ಣೆ ಅಂದಾಗ ಸುಮ್ಮನಾದೆ. ಎದೆಹಾಲು ಕೊಡುವಾಗ ಒಣಗಿದ ಹಾಗಾಗುವುದು ಸಹಜವಂತೆ. ನಮಗೆ ಅದು ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆವು.

ಅಕ್ಕ ಒಂದು ಕಾಂಡೋಮ್ ತೆಗೆದು ಊದಿದರು. ಸತ್ಯವಾಗಲೂ! ದೊಡ್ಡ ಪಡವಲಕಾಯಿ ಗಾತ್ರ ಆಯಿತು. ಗಂಟು ಹಾಕಿ, ಡ್ರಾಯರಿನಿಂದ ಎಣ್ಣೆ ತೆಗೆದು ಬೆರಳಲ್ಲಿ ಸವರಿದರು. ನನ್ನ ಮಗ ಬಲೂನು ಅಂದುಕೊಂಡು ಎರಡೂ ಕೈ ಚಾಚಿ ಎಗರಾಡುತ್ತಿದ್ದ. ಸ್ವಲ್ಪ ಹೊತ್ತಿಗೆ ಎಣ್ಣೆ ಸವರಿದ ಜಾಗದಲ್ಲಿ ರಬ್ಬರು ತೆಳ್ಳಗಾದಂತೆ ಕಂಡಿತು. ಆಮೇಲೆ ಟಪ್ ಅಂತ ಒಡೆಯಿತು. ಮಗ ಕಿಟಾರನೆ ಕಿರುಚಿದ.

"ಫ್ಯಾಕ್ಟರಿಯಲ್ಲಿ ಪ್ರತಿ ಬ್ಯಾಚಿಂದ ಕೆಲವನ್ನ ತೆಗೆದು 300 ಎಂಎಲ್ ನೀರು ತುಂಬಿ ಸೋರುತ್ತಾ ಅಂತ ನೋಡಿರ್ತಾರೆ. ಎಣ್ಣೆ, ವ್ಯಾಸಲಿನ್, ಬೆಣ್ಣೆ ಮುಂದೆ ಮಾತ್ರ ನಿಲ್ಲಲ್ಲ" ಅಂದರು. ನೀರಿನಂಥ ಜೆಲ್ ಬೇರೆ ಸಿಗುತ್ತದೆ, ಅದನ್ನೇ ಬಳಸಬೇಕಂತೆ.

ಲೆಕ್ಕವನ್ನೂ ಹೇಳಿದರು. ನೂರು ಜೋಡಿ ಒಂದು ವರ್ಷ ಏನೂ ಬಳಸದೆ ಇದ್ದರೆ ಸುಮಾರು 85 ಜನ ಬಸಿರಾಗುತ್ತಾರೆ. ಪ್ರತಿ ಸಲವೂ ಕಾಂಡೋಮನ್ನು ಸರಿಯಾಗಿ ಬಳಸಿದರೆ ಇಬ್ಬರು. ನಾವು ನೀವು ಬಳಸುವ ಹಾಗೆ ಬಳಸಿದರೆ 13. ಆ ಎರಡಕ್ಕೂ ಹದಿಮೂರಕ್ಕೂ ನಡುವಿನ ಹನ್ನೊಂದರಲ್ಲಿ ನಮ್ಮ ಡಿಕ್ಕಿ, ನಮ್ಮ ಎಣ್ಣೆ ಬಾಟಲಿ ಎಲ್ಲ ಬಂತು ಅಲ್ವಾ? "ಇವತ್ತೊಂದಿನ ಪರವಾಗಿಲ್ಲ" ಅನ್ನುವವರೂ ಅದರಲ್ಲೇ ಬರುತ್ತಾರೆ.

ಹಾಕುವುದು ಹೇಗೆ ಅಂತ ಎರಡು ಬೆರಳಿಗೇ ಹಾಕಿ ತೋರಿಸಿದರು. ನಮಗೆ ಗೊತ್ತಿದೆ ಅಂದುಕೊಂಡಿದ್ದೆ, ಅರ್ಧ ಗೊತ್ತಿರಲಿಲ್ಲ. ಒಳಗಿರುವುದನ್ನು ಬೆರಳಲ್ಲಿ ಪಕ್ಕಕ್ಕೆ ತಳ್ಳಿ ಪ್ಯಾಕೆಟ್ಟನ್ನು ಅಂಚಿನಲ್ಲಿ ಕೈಯಿಂದಲೇ ಹರಿಯಬೇಕು. ತುದಿಯ ಪುಟ್ಟ ಗುಬುಟನ್ನು ಹಿಂಡಿ ಗಾಳಿ ತೆಗೆದು, ಹಿಂಡಿಕೊಂಡೇ ಬುಡದವರೆಗೆ ಬಿಡಿಸಬೇಕು. ಗಾಳಿ ಉಳಿದರೆ ಅಲ್ಲಿಂದಲೇ ಒಡೆಯುವುದು. ಸುರುಳಿ ಬಿಚ್ಚದಿದ್ದರೆ ಉಲ್ಟಾ ಇಟ್ಟಿದ್ದೀರಿ ಅಂತ ಅರ್ಥ. ತಿರುಗಿಸಿ ಹಾಕಬೇಡಿ, ಎಸೆದು ಹೊಸದು ತೆಗೆಯಿರಿ. ನಾವು ತಿರುಗಿಸಿಯೇ ಹಾಕುತ್ತಿದ್ದೆವು! ಇನ್ನೊಂದು, ಶುರುವಿನಿಂದಲೇ ಇರಬೇಕು, ಮಧ್ಯದಲ್ಲಿ ನೆನಪಾದಾಗ ಅಲ್ಲ. ಮುಗಿದ ಮೇಲೆ ಮೆತ್ತಗಾಗುವ ಮುಂಚೆಯೇ ಬುಡದಲ್ಲಿ ಹಿಡಿದುಕೊಂಡು ಹೊರಗೆ ಬರಬೇಕು. ಜಾಸ್ತಿ ಸೇಫ್ ಅಂತ ಒಂದರ ಮೇಲೊಂದು ಹಾಕಿದರೆ ಉಜ್ಜಿಕೊಂಡು ಎರಡೂ ಹರಿಯಬಹುದು.

ಕೊನೆಗೆ ಪ್ಯಾಕೆಟ್ ತಿರುಗಿಸಿ ಎಕ್ಸ್‌ಪೈರಿ ತೋರಿಸಿ, "ಈ ಡೇಟ್ ನೋಡ್ದಿದ್ರೆ ನಿಮ್ಮ ಡೇಟ್ ತಪ್ಪುತ್ತೆ" ಅಂದು ತಾವೇ ನಕ್ಕರು.

ಇಷ್ಟೆಲ್ಲ ಆದ ಮೇಲೆ ದುಬಾರಿ ಪ್ಯಾಕ್ ತಗಲಿಸುತ್ತಾರೆ ಅಂದುಕೊಂಡೆ. ಇಲ್ಲ. ಮೂರು ವರ್ಷ ಬೇಡ ಅಂತ ಗಟ್ಟಿಯಾಗಿದ್ದರೆ ಚೆಲುವಾಂಬ ಆಸ್ಪತ್ರೆಯಲ್ಲಿ ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಬಗ್ಗೆ ಕೇಳಿ ನೋಡಿ, ಅದು ಇನ್ನೂ ಗಟ್ಟಿ ಅಂದರು. ಆದರೆ ಎಚ್‌ಐವಿಯಂಥ ಸೋಂಕನ್ನೂ ತಡೆಯುವುದು ಕಾಂಡೋಮ್ ಮಾತ್ರ ಅಂತಲೂ ಸೇರಿಸಿದರು. ಸರ್ಕಾರದ ನಿರೋಧ್ ಬಗ್ಗೆ ಕೇಳಿದೆ. 1968ರಿಂದ ಇರುವ ಹೆಸರು, ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ, ಪುಕ್ಕಟೆ ಅಂತ ಕಳಪೆ ಅಂದುಕೋಬೇಡಿ ಅಂದರು. ನಾವು ಸದ್ಯಕ್ಕೆ ಇಲ್ಲಿನ ಹತ್ತರ ಪ್ಯಾಕಿನಲ್ಲೇ ಇದ್ದೇವೆ. ಈಗ ಅದು ಬೀರುವಿನಲ್ಲಿ ನನ್ನ ರೇಷ್ಮೆ ಸೀರೆಗಳ ಕೆಳಗಿದೆ. ತಣ್ಣಗಿದೆ. ಆರು ತಿಂಗಳಲ್ಲಿ ಒಂದೂ ಹರಿದಿಲ್ಲ.

ಇನ್ನು ದೂರು. ಜೆಲ್ ಸ್ಟಾಕ್ ಇರಲಿಲ್ಲ, ತರಿಸಿಕೊಡೋಕೆ ನಾಲ್ಕು ದಿನ ಹಿಡಿಯಿತು. ಸಂಜೆ ಆರರ ಮೇಲೆ ಕೌಂಟರಿನಲ್ಲಿ ಜಾತ್ರೆ, ಹಿಂದೆ ನಿಂತವರ ಉಸಿರು ಕತ್ತಿಗೇ ತಾಗುತ್ತದೆ. ಬೆಳಗ್ಗೆ ಹೊತ್ತು ಹೆಚ್ಚಾಗಿ ಅಂಗಡಿ ಯಜಮಾನರು ಕೂರುತ್ತಾರೆ. ಒಳ್ಳೆಯವರೇ, ಆದರೆ ಕಾಂಡೋಮ್ ಅಂದ ಕೂಡಲೇ ಫ್ಯಾನ್ ನೋಡುತ್ತಾರೆ, ಆಮೇಲೆ ಪೇಪರ್ ಸುತ್ತೋಕೆ ಶುರು ಮಾಡುತ್ತಾರೆ. ಆ ಒಂದು ಸ್ಟಾರ್ ಹೋಗಿದ್ದು ಇದಕ್ಕೇ. ಭಾನುವಾರ ಮಧ್ಯಾಹ್ನ ರಜೆ.

ನನ್ನ ಮಗ ಈಗ ಅಂಗಡಿ ಮುಂದೆ ಹೋದಾಗಲೆಲ್ಲ ಕೈ ತೋರಿಸಿ "ಬೂನು, ಬೂನು" ಅನ್ನುತ್ತಾನೆ. ಯಾವ ಬಲೂನು ಅಂತ ಅತ್ತೆ ಕೇಳಿದರು. ಆಯುಧಪೂಜೆಗೆ ಕಟ್ಟಿದ್ರು ಅಂತ ಹೇಳಿದ್ದೇನೆ.