ಹಳೆಯ ಫೋನಿನ ಬ್ಯಾಕಪ್ ಅಳಿಸುವ ಮುನ್ನ ಇದನ್ನು ಓದಿ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ದಲ್ಲಾಳಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಜಗಳೂರು, ಹರಿಹರ, ಚನ್ನಗಿರಿ ಕಡೆಯ ರೈತರು ಮಾಲು ಕಳಿಸಿ ತೂಕದ ಚೀಟಿಯ ಫೋಟೊವನ್ನು ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ದರಕ್ಕೆ ಒಪ್ಪಿಗೆ ಇದ್ದರೆ ಅದನ್ನೂ ಬರೆಯದೆ ವಾಯ್ಸ್ ಮೆಸೇಜಿನಲ್ಲೇ ಹೇಳಿಬಿಡುತ್ತಾರೆ. ಮೂರು ವರ್ಷಗಳಿಂದ ಹೀಗೆ ಕೂಡಿದ್ದ ಚೀಟಿಗಳೂ ಮಾತುಗಳೂ ಕಳೆದ ಸುಗ್ಗಿಯಲ್ಲಿ ಒಂದು ನಿಮಿಷದೊಳಗೆ ಇಲ್ಲವಾದವು. ಅಳಿಸಲು ಒಪ್ಪಿಗೆ ಕೊಟ್ಟವನು ನಾನೇ. ಇದೇ ತಪ್ಪು ಇನ್ನೊಬ್ಬರ ಕೈಯಲ್ಲಿ ಆಗಬಾರದೆಂದು ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ತೊಂದರೆ ಶುರುವಾದದ್ದು ಮೇಲ್‌ನಿಂದ. ಜಿಎಸ್‌ಟಿ ಲೆಕ್ಕ ನೋಡುವವರು ಕಳಿಸಿದ ಮೇಲ್‌ಗಳು ನನಗೆ ಬಾರದೆ ಅವರಿಗೇ ಮರಳುತ್ತಿದ್ದವು. ಗೂಗಲ್ ಖಾತೆಗೆ ಉಚಿತವಾಗಿ ದೊರೆಯುವ ಜಾಗ 15 ಜಿಬಿ ಮಾತ್ರ, ಅದನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ, ಅದು ತುಂಬಿದರೆ ಮೇಲ್ ಬರುವುದೂ ಹೋಗುವುದೂ ನಿಲ್ಲುತ್ತದೆ ಎಂಬುದು ನನಗೆ ತಿಳಿದದ್ದು ಆಗಲೇ. ಮೊದಲು ವಾಟ್ಸ್‌ಆ್ಯಪ್ ಬ್ಯಾಕಪ್, ಅಂದರೆ ಮಾತುಕತೆಗಳದ್ದೊಂದು ಪ್ರತಿಯಾಗಿ ಗೂಗಲ್ ಖಾತೆಯಲ್ಲಿ ಉಳಿಯುವಂಥದ್ದು, ಈ ಲೆಕ್ಕದೊಳಗೆ ಬರುತ್ತಿರಲಿಲ್ಲ. 2023ರ ಕೊನೆಯಿಂದ ಹಂತಹಂತವಾಗಿ ಆಂಡ್ರಾಯ್ಡ್ ಬಳಕೆದಾರರೆಲ್ಲರಿಗೂ ಅದು ಸೇರಿಕೊಂಡಿತು. ನನ್ನ 15 ಜಿಬಿಯಲ್ಲಿ ಒಂಬತ್ತರಷ್ಟನ್ನು ಅದೊಂದೇ ಹಿಡಿದಿತ್ತು.

ಅದೇ ವಾರ ಹಳೆಯ ಫೋನ್ ಕೊಟ್ಟು ಹೊಸದನ್ನು ತೆಗೆದುಕೊಳ್ಳಲು ನಮ್ಮೂರಿನ ಒಂದು ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯ ಹೆಸರು ಇಲ್ಲಿ ಬೇಡ. ಆ ಹುಡುಗನಿಗೆ ನನಗೆ ಕೆಡಕು ಮಾಡುವ ಉದ್ದೇಶವಿರಲಿಲ್ಲ. ಎಕ್ಸ್‌ಚೇಂಜ್‌ಗೆ ಕೊಟ್ಟ ಫೋನನ್ನು ಅವನು ಮೊದಲು ಪೂರ್ತಿ ರೀಸೆಟ್ ಮಾಡಿದ. ಬಳಿಕ ಹೊಸ ಫೋನಿನಲ್ಲಿ ನನ್ನ ಖಾತೆ ತೆರೆದಾಗ ಜಾಗ ತುಂಬಿದೆ ಎಂಬ ಸೂಚನೆ ಬಂತು. ಡ್ರೈವ್ ಆ್ಯಪ್‌ನ ಬ್ಯಾಕಪ್ಸ್ ಪುಟದಲ್ಲಿ ಎರಡು ಸಾಲುಗಳಿದ್ದವು: ಹಳೆಯ ಫೋನಿನ ಬ್ಯಾಕಪ್ ಒಂದು, ವಾಟ್ಸ್‌ಆ್ಯಪ್ ಬ್ಯಾಕಪ್ ಇನ್ನೊಂದು. "ಇವೆರಡೂ ಹಳೇ ಫೋನಿಂದು ಸರ್, ಇನ್ನು ಯಾಕ್ ಬೇಕು, ತೆಗೆದುಬಿಡ್ಲಾ?" ಎಂದು ಕೇಳಿದ. ಹಳೆಯ ಫೋನೇ ಹೋದ ಮೇಲೆ ಅದರ ಬ್ಯಾಕಪ್ ಏಕೆ ಎಂದು ನನಗೂ ಅನ್ನಿಸಿತು, ಹೂಂ ಎಂದೆ. ಅಳಿಸುವ ಮುನ್ನ ಪರದೆಯ ಮೇಲೆ ಎಚ್ಚರಿಕೆಯೊಂದು ಬಂದದ್ದು ನೆನಪಿದೆ. ಅದನ್ನು ಇಬ್ಬರೂ ಓದಲಿಲ್ಲ.

ಆಮೇಲೆ ವಾಟ್ಸ್‌ಆ್ಯಪ್ ಹಾಕಿ, ನಂಬರು ಕೊಟ್ಟು, ಓಟಿಪಿ ಒತ್ತಿದರೆ ಬ್ಯಾಕಪ್ ಸಿಗಲಿಲ್ಲ ಎಂದಿತು. ಡ್ರೈವ್‌ನ ಟ್ರ್ಯಾಶ್ ಹುಡುಕಿದೆವು. ನಾವು ಅಳಿಸಿದ ಸಾಮಾನ್ಯ ಫೈಲು ಅಲ್ಲಿ 30 ದಿನ ಉಳಿಯುತ್ತದೆ. ಬ್ಯಾಕಪ್ ಮಾತ್ರ ಟ್ರ್ಯಾಶ್‌ಗೆ ಹೋಗುವುದಿಲ್ಲ, ನೇರವಾಗಿ ಅಳಿದುಹೋಗುತ್ತದೆ. ಹಳೆಯ ಫೋನಿನೊಳಗೆ ವಾಟ್ಸ್‌ಆ್ಯಪ್ ತಾನೇ ಇಟ್ಟುಕೊಂಡಿದ್ದ ಇತ್ತೀಚಿನ ದಿನಗಳ ಪ್ರತಿಯಾದರೂ ನಮ್ಮನ್ನು ಕಾಯಬಹುದಿತ್ತು, ಆದರೆ ಆ ಫೋನು ಕಾಲು ಗಂಟೆಯ ಹಿಂದೆಯೇ ಖಾಲಿಯಾಗಿತ್ತು. ರೀಸೆಟ್ ಮತ್ತು ಬ್ಯಾಕಪ್ ಅಳಿಸುವಿಕೆ, ಈ ಎರಡರಲ್ಲಿ ಒಂದನ್ನು ಒಂದು ದಿನ ಮುಂದೂಡಿದ್ದರೂ ಸಾಕಿತ್ತು.

ಇದರ ಪರಿಣಾಮ ಹದಿನೈದು ದಿನದೊಳಗೆ ಎದುರಾಯಿತು. ಜಗಳೂರು ಕಡೆಯ ರೈತರೊಬ್ಬರು ತಮ್ಮ ಲೆಕ್ಕದಲ್ಲಿ ಹದಿನಾಲ್ಕು ಕ್ವಿಂಟಲ್ ಕಡಿಮೆ ಹಿಡಿಯಲಾಗಿದೆ ಎಂದರು. ಅವರು ಕಳಿಸಿದ್ದ ಚೀಟಿಯಾಗಲಿ, ದರಕ್ಕೆ ಒಪ್ಪಿದ ಮಾತಾಗಲಿ ನನ್ನಲ್ಲಿ ಉಳಿದಿರಲಿಲ್ಲ. ಅವರ ಫೋನು ಬೇಸಿಗೆಯಲ್ಲೇ ಕೆಟ್ಟು ಹೋಗಿತ್ತು. ನಮ್ಮ ಸಾಹುಕಾರರು ವ್ಯತ್ಯಾಸದಲ್ಲಿ ಅರ್ಧವನ್ನು ತಾವು ಕೊಟ್ಟು ಮುಗಿಸಿದರು. ಹಣಕ್ಕಿಂತ ಹೆಚ್ಚಾಗಿ, ಎಂಟು ವರ್ಷಗಳಿಂದ ನಮ್ಮಲ್ಲಿಗೇ ಮಾಲು ತರುವ ಮನುಷ್ಯ ನನ್ನ ಪುಸ್ತಕವನ್ನು ಅನುಮಾನದಿಂದ ನೋಡಿದ್ದು, ನಾನೂ ಅವರ ಮಾತನ್ನು ಒಂದು ಕ್ಷಣ ಅನುಮಾನಿಸಿದ್ದು ಮನಸ್ಸಿನಲ್ಲಿ ಉಳಿದಿದೆ.

ನಿಜವಾಗಿ ಬೇಡವಾಗಿದ್ದ ಡೇಟಾ ಬೇರೆ ಕಡೆ ಇತ್ತು. ಎರಡು ವರ್ಷಗಳ ಹಿಂದೆ ನಾನು ಬಳಸಿ ಬಿಟ್ಟ ಲೆಕ್ಕದ ಆ್ಯಪ್ ಒಂದು ಪ್ರತಿ ರಾತ್ರಿ ತನ್ನ ಪ್ರತಿಯನ್ನು ಡ್ರೈವ್‌ನಲ್ಲಿ ಬಚ್ಚಿಡುತ್ತಿತ್ತು. ಫೋನಿನಿಂದ ಆ್ಯಪ್ ತೆಗೆದರೆ ಫೋನಿನಲ್ಲಿದ್ದದ್ದು ಹೋಗುತ್ತದೆಯೇ ಹೊರತು ಡ್ರೈವ್‌ನಲ್ಲಿ ಬಚ್ಚಿಟ್ಟದ್ದು ಹೋಗುವುದಿಲ್ಲ, ಮತ್ತು ಅದು ಫೈಲುಗಳ ಪಟ್ಟಿಯಲ್ಲಿ ಕಾಣುವುದೂ ಇಲ್ಲ. ಅದನ್ನು ನೋಡಲು ಕಂಪ್ಯೂಟರಿನಲ್ಲಿ ಡ್ರೈವ್ ತೆರೆದು, ಹಲ್ಲಿನ ಚಕ್ರದ ಗುರುತು ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಆ್ಯಪ್ಸ್ ಎಂಬಲ್ಲಿಗೆ ಹೋಗಬೇಕು. ಡ್ರೈವ್‌ಗೆ ಜೋಡಿಸಿದ ಆ್ಯಪ್‌ಗಳೆಲ್ಲ ಅಲ್ಲಿರುತ್ತವೆ. ಬೇಡವಾದದ್ದರ ಪಕ್ಕದ ಆಪ್ಷನ್ಸ್ ಒತ್ತಿದರೆ ಹಿಡನ್ ಆ್ಯಪ್ ಡೇಟಾ ಅಳಿಸುವ ಆಯ್ಕೆ ಸಿಗುತ್ತದೆ. ಇದೂ ಮರಳಿ ಬಾರದ ಅಳಿಸುವಿಕೆಯೇ. ಇನ್ನೂ ಬಳಸುತ್ತಿರುವ ಆ್ಯಪ್‌ನ ಹೆಸರಿನ ಮುಂದೆ ಇದನ್ನು ಒತ್ತಬೇಡಿ. ಆಟದ ಹಂತಗಳಿಂದ ಹಿಡಿದು ಅಂಗಡಿಯ ಖಾತೆಯವರೆಗೆ ಹಲವು ಆ್ಯಪ್‌ಗಳು ಅಲ್ಲೇ ತಮ್ಮ ಪ್ರತಿ ಇಟ್ಟಿರುತ್ತವೆ.

ವಾಟ್ಸ್‌ಆ್ಯಪ್ ಬ್ಯಾಕಪ್ ದೊಡ್ಡದಾಗಿದ್ದರೆ ಅದನ್ನು ಡ್ರೈವ್‌ನಿಂದ ಕಿತ್ತೊಗೆಯುವ ಅಗತ್ಯವೇ ಇಲ್ಲ. ವಾಟ್ಸ್‌ಆ್ಯಪ್‌ನ ಸ್ಟೋರೇಜ್ ಪುಟದಲ್ಲಿ ದೊಡ್ಡ ವಿಡಿಯೊಗಳನ್ನು ಮೊದಲು ತೋರಿಸುತ್ತದೆ. ಅವನ್ನು ತೆಗೆದು, ಬ್ಯಾಕಪ್‌ನಲ್ಲಿ ವಿಡಿಯೊ ಸೇರಿಸುವ ಆಯ್ಕೆಯನ್ನು ಬಂದ್ ಮಾಡಿದರೆ ಮುಂದಿನ ಬ್ಯಾಕಪ್ ತಾನಾಗಿ ಚಿಕ್ಕದಾಗುತ್ತದೆ. ನನ್ನ ಒಂಬತ್ತು ಜಿಬಿಯಲ್ಲಿ ಬಹುಪಾಲು ಹಬ್ಬದ ಶುಭಾಶಯದ ವಿಡಿಯೊಗಳೇ ಇದ್ದವು. ತೂಕದ ಚೀಟಿಗಳು ಎಷ್ಟು ಜಾಗ ತಿನ್ನುತ್ತಿದ್ದವು ಹೇಳಿ!

ಇದಕ್ಕೆ ತದ್ವಿರುದ್ಧವಾದ ನಂಬಿಕೆಯಿಂದಲೂ ನಷ್ಟವಾಗುತ್ತದೆ. ಕೆಟ್ಟ ಆಂಡ್ರಾಯ್ಡ್ ಫೋನನ್ನು ಬೀರುವಿನಲ್ಲಿಟ್ಟು, ಅದರ ಬ್ಯಾಕಪ್ ಹೇಗೂ ಗೂಗಲ್‌ನಲ್ಲಿದೆ ಎಂದು ಸುಮ್ಮನಿರುವವರು ನಮ್ಮ ಪ್ರಾಂಗಣದಲ್ಲೇ ಇದ್ದಾರೆ. ಫೋನನ್ನು 57 ದಿನ ಬಳಸದೆ ಬಿಟ್ಟರೆ ಆ ಬ್ಯಾಕಪ್ ತಾನಾಗಿ ಅಳಿಯುತ್ತದೆ. ಐಫೋನ್ ಇರುವವರಿಗೆ ಆ್ಯಪಲ್‌ನ ಐಕ್ಲೌಡ್‌ನಲ್ಲಿ ಉಚಿತ ಜಾಗ 5 ಜಿಬಿ. ಐಕ್ಲೌಡ್ ಬ್ಯಾಕಪ್ ನಿಲ್ಲಿಸಿದರೆ ಹಿಂದಿನ ಪ್ರತಿ 180 ದಿನ ಮಾತ್ರ ಉಳಿಯುತ್ತದೆ.

ಆದ್ದರಿಂದ ಫೋನ್ ಬದಲಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಹಳೆಯ ಫೋನನ್ನು ಅಂಗಡಿಯ ಮೇಜಿನ ಮೇಲೆ ರೀಸೆಟ್ ಮಾಡಲು ಬಿಡಬೇಡಿ. ಎರಡೂ ಫೋನುಗಳನ್ನು ಮನೆಗೆ ತಂದು, ಹೊಸದರಲ್ಲಿ ಒಂದು ವರ್ಷದ ಹಿಂದಿನ ಯಾವುದಾದರೂ ಮಾತುಕತೆ ತೆರೆದು, ಅದರಲ್ಲಿನ ಒಂದು ಫೋಟೊ ಕಾಣುತ್ತದೆಯೇ, ಒಂದು ವಾಯ್ಸ್ ಮೆಸೇಜ್ ಕೇಳುತ್ತದೆಯೇ ನೋಡಿ. ಎಕ್ಸ್‌ಚೇಂಜ್ ಅವತ್ತೇ ಆಗಬೇಕು ಎಂದು ಅಂಗಡಿಯವರು ಹಟ ಹಿಡಿದರೆ, ಎರಡು ಫೋನುಗಳನ್ನೂ ಎದುರಿಗಿಟ್ಟು ಕ್ಯೂಆರ್ ಕೋಡ್ ಮೂಲಕ ವಾಟ್ಸ್‌ಆ್ಯಪ್ ಮಾತುಕತೆಗಳನ್ನು ನೇರವಾಗಿ ವರ್ಗಾಯಿಸುವ ಸೌಲಭ್ಯವಿದೆ, ಅದನ್ನು ಮುಗಿಸಿಕೊಂಡೇ ಹಳೆಯದನ್ನು ಕೈಬಿಡಿ.

ಈಗ ನಮ್ಮ ಅಂಗಡಿಯಲ್ಲಿ ಪ್ರತಿ ಚೀಟಿಯನ್ನೂ ಅವತ್ತೇ ಪ್ರಿಂಟ್ ತೆಗೆದು ರೈತರ ಹೆಸರಿನ ಫೈಲಿಗೆ ಹಾಕುತ್ತೇವೆ. ಜಗಳೂರಿನ ಆ ಹಿರಿಯರು ಈ ಸಲ ಲಾರಿಯೊಂದಿಗೆ ತಾವೇ ಬಂದಿದ್ದರು. ಚೀಟಿಯ ಮೇಲೆ ನನ್ನ ಸಹಿ ಹಾಕಿಸಿಕೊಂಡು, ಎರಡು ಬಾರಿ ಓದಿ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಹೋದರು.